ಸ್ವಾಮಿ ಎಲ್ಲಿಯ ಹುಡುಗ?

"ಸ್ವಾಮಿ ಹುಟ್ಟಿದ ಮನೆ ಇದೇ" ಎಂದು ಮೈಸೂರಿನ ಯಾದವಗಿರಿಗೆ ಬರುವವರು ಹೇಳುವುದನ್ನು ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ವಿವೇಕಾನಂದ ರಸ್ತೆಯಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ. ಮಕ್ಕಳನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆಯುವ ಅಪ್ಪ ಅಮ್ಮಂದಿರು ಈ ಮಾತನ್ನು ಎಷ್ಟು ಧೈರ್ಯವಾಗಿ ಹೇಳುತ್ತಾರೆಂದರೆ, ಮಧ್ಯೆ ಬಾಯಿ ಹಾಕುವುದಕ್ಕೂ ಸಂಕೋಚವಾಗುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. ಸ್ವಾಮಿಯೇ ನಾಯಕನಾದ ಅವರ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾದದ್ದು 1935ರಲ್ಲಿ, ಲಂಡನ್ನಿನಲ್ಲಿ. ನಾರಾಯಣ್ ಯಾದವಗಿರಿಯಲ್ಲಿ ನಿವೇಶನ ಕೊಂಡು, ಮನೆ ಕಟ್ಟಿಸಿ ಮುಗಿಸುವ ಹೊತ್ತಿಗೆ 1950ರ ದಶಕ ಬಂದಿತ್ತು. ಮಗು ಹುಟ್ಟಿ ಇಪ್ಪತ್ತು ವರ್ಷವಾದ ಮೇಲೆ ಹೆರಿಗೆಮನೆ ಕಟ್ಟಿದರು ಅಂದಹಾಗಾಯಿತು.

ನಾನು ಇದೇ ಬಡಾವಣೆಯವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮ ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕ ತೆರೆದರೆ ಮೊದಲು ಸಿಗುವುದೇ ಈ ಹುಡುಗ. ಪಾಠದ ಹೆಸರು 'ಎ ಹೀರೋ'. ಹುಲಿಯ ಜೊತೆ ಹೋರಾಡಿದ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ, ಧೈರ್ಯವೇ ದೊಡ್ಡದು ಅನ್ನುತ್ತಾನೆ. ಮಗ ಒಪ್ಪುವುದಿಲ್ಲ. ಹಾಗಿದ್ದರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಸವಾಲು ಹಾಕುತ್ತಾನೆ. ದಿನಾ ಅಜ್ಜಿಯ ಪಕ್ಕ ಮಲಗುವ ಹುಡುಗ ಬೆಂಚಿನ ಕೆಳಗೆ ಮುದುಡಿಕೊಂಡು, ದೆವ್ವ ಬಂತೆಂದು ಹೆದರಿ ಕೈಗೆ ಸಿಕ್ಕ ಕಾಲನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲು. ಬೆಳಗಾದರೆ ಸ್ವಾಮಿ ಊರಿಗೇ ವೀರ. ಆ ರಾತ್ರಿ ಮತ್ತೆ ಅಜ್ಜಿಯ ಪಕ್ಕಕ್ಕೇ ಹೋಗಿ ಮಲಗುತ್ತಾನೆ. ಈ ಕೊನೆಯ ಸಾಲಿಗೆ ನಗದ ತರಗತಿಯನ್ನು ನಾನು ಕಂಡಿಲ್ಲ. ನಕ್ಕು ಮುಗಿಸಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: "ಮಿಸ್, ಇದು ನಿಜವಾಗ್ಲೂ ನಡೆದಿದ್ದಾ? ಸ್ವಾಮಿ ಯಾರು ಮಿಸ್?"

ಆ ಪ್ರಶ್ನೆಗೆ ಗೈಡ್ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ನನಗೆ ತಿಳಿದ ಉತ್ತರ ಹೇಳುತ್ತೇನೆ.

ಮೊದಲು ಅಜ್ಜಿ. ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಹೆಡ್‌ಮಾಸ್ಟರು. ವರ್ಗವಾದಂತೆಲ್ಲ ಸಂಸಾರ ಊರಿಂದೂರಿಗೆ ಹೋಗುತ್ತಿತ್ತು. ಮನೆ ತುಂಬ ಮಕ್ಕಳು. ಹಾಗಾಗಿ ಈ ಹುಡುಗ ಪುರಸವಾಕ್ಕಂನಲ್ಲಿ ತಾಯಿಯ ತಾಯಿ ಪಾರ್ವತಿಯ ಬಳಿ ಉಳಿದ. ಆಕೆಯನ್ನು ಎಲ್ಲರೂ ಅಮ್ಮಣಿ ಅನ್ನುತ್ತಿದ್ದರು. ಆಕೆ ಮೊಮ್ಮಗನನ್ನು ಕುಂಜಪ್ಪ ಅನ್ನುತ್ತಿದ್ದಳು. ಅಂಗಳದಲ್ಲಿ ಒಂದು ನವಿಲು, ಒಂದು ಕೋತಿ. ಹುಡುಗನ ಜೊತೆಗಾರರು ಬಹುಮಟ್ಟಿಗೆ ಇವೆರಡೇ. ಸಂಜೆಯಾದರೆ ಮಗ್ಗಿ, ಸಂಸ್ಕೃತ ಶ್ಲೋಕ, ಪುರಾಣದ ಕಥೆ, ಸಂಗೀತ, ಎಲ್ಲ ಅಮ್ಮಣಿಯದೇ ಪಾಠ.

ಸ್ವಾಮಿಯ ಕಥೆಯಲ್ಲಿ ಅಪ್ಪ ಅಮ್ಮನಿಗಿಂತ ಅಜ್ಜಿ ಹತ್ತಿರದವಳು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಏಲಕ್ಕಿ ಲವಂಗದ ವಾಸನೆಯ ಒಂದು ಕಿರಿದಾದ ಜಾಗದಲ್ಲಿ ಆಕೆಯ ಸಂಸಾರವೆಲ್ಲ ಅಡಗಿದೆ. ಆಕೆಗೆ ಕ್ರಿಕೆಟ್ ಅಂದರೆ ಏನೆಂದು ಗೊತ್ತಿಲ್ಲ, ಮೊಮ್ಮಗ ಹೇಳುವ ಗೆಳೆಯರ ಪ್ರತಾಪವನ್ನು ಅರ್ಧ ಕೇಳಿ ತನ್ನ ಹಳೆಯ ಕಾಲದ ಕಥೆಗೆ ಹೊರಳುತ್ತಾಳೆ. ಒಂದು ದಿನ ಆಕೆಗೆ ಹೊಟ್ಟೆನೋವು. ಒಂದು ನಿಂಬೆಹಣ್ಣು ತಂದುಕೊಡು ಮಗು ಅನ್ನುತ್ತಾಳೆ. ಕ್ರಿಕೆಟ್ಟಿಗೆ ಹೊತ್ತಾಯಿತು, ಹುಡುಗ ನಿಲ್ಲುವುದಿಲ್ಲ. ಆಟದ ಮಧ್ಯೆ ಅದು ನೆನಪಾಗಿ ಎದೆ ಹಿಡಿದುಕೊಂಡಂತಾಗುತ್ತದೆ. ಅಜ್ಜಿ ಸತ್ತೇ ಹೋಗಿದ್ದರೆ? ಆಟ ಮುಗಿದದ್ದೇ ತಡ ಮನೆಗೆ ಓಡುತ್ತಾನೆ. ಅಜ್ಜಿ ಸುಖವಾಗಿದ್ದಾಳೆ. ಅಷ್ಟೇ ಕಥೆ. ನಮ್ಮ ಕಡೆ ಮಕ್ಕಳ ಪುಸ್ತಕಗಳಲ್ಲಿ ಅಜ್ಜಿಯ ಮಾತು ಕೇಳದ ಹುಡುಗನಿಗೆ ಏನಾದರೊಂದು ಶಿಕ್ಷೆ ಆಗಲೇಬೇಕು. ಇಲ್ಲಿ ಶಿಕ್ಷೆಯೂ ಇಲ್ಲ, ಬುದ್ಧಿಮಾತೂ ಇಲ್ಲ. ಓಡಿ ಬಂದದ್ದೊಂದೇ ಇದೆ. ಈ ಎರಡು ಪುಟ ಬರೆಯಲು ಅಜ್ಜಿಯ ಕೈಯಲ್ಲಿ ಬೆಳೆದಿರಬೇಕು.

ಪುರಸವಾಕ್ಕಂನಿಂದಲೇ ಬಂದ ಇನ್ನೊಂದು ಸಂಗತಿ ಮಿಷನ್ ಸ್ಕೂಲು. ನಾರಾಯಣ್ ಓದಿದ್ದು ಅಲ್ಲಿಯ ಲೂಥರನ್ ಮಿಷನ್ ಶಾಲೆಯಲ್ಲಿ. ಬೈಬಲ್ ತರಗತಿಯಲ್ಲಿ ಮೇಷ್ಟರು ಹಿಂದೂ ದೇವರುಗಳನ್ನು ಹಂಗಿಸುವಾಗ ತರಗತಿಯಲ್ಲಿದ್ದ ಏಕೈಕ ಬ್ರಾಹ್ಮಣ ಹುಡುಗನಾಗಿ ತಾನು ಹೇಗೆ ಕುಗ್ಗಿ ಕೂತಿದ್ದೆ ಎಂದು ಅವರು ಆತ್ಮಕಥೆ 'ಮೈ ಡೇಸ್'ನಲ್ಲಿ ಬರೆದಿದ್ದಾರೆ. ಕುಗ್ಗಿ ಕೂತ ಆ ಹುಡುಗ ಕಾದಂಬರಿಯಲ್ಲಿ ಎದ್ದು ನಿಲ್ಲುತ್ತಾನೆ. ಆಲ್ಬರ್ಟ್ ಮಿಷನ್ ಶಾಲೆಯ ಎಬನೇಜರ್ ಮೇಷ್ಟರಿಗೆ ಸ್ವಾಮಿ ಎದುರು ಪ್ರಶ್ನೆ ಹಾಕುತ್ತಾನೆ, ಕಿವಿ ಹಿಂಡಿಸಿಕೊಳ್ಳುತ್ತಾನೆ, ಅಪ್ಪನಿಂದ ಹೆಡ್‌ಮಾಸ್ಟರಿಗೆ ಕಾಗದ ಬರೆಸಿಕೊಂಡು ಬರುತ್ತಾನೆ. ಅಂದು ಹೇಳಲಾಗದ್ದನ್ನು ಲೇಖಕ ಹುಡುಗನ ಬಾಯಿಂದ ಹೇಳಿಸಿದ್ದಾರೆ. ಆದರೆ ಗಮನಿಸಿ, ಗೆಳೆಯರ ಗುಂಪಿನಲ್ಲಿ 'ಬಟಾಣಿ' ಎಂಬ ಅಡ್ಡಹೆಸರಿನ ಪುಟ್ಟ ಸ್ಯಾಮ್ಯುಯೆಲ್ ಕೂಡ ಇದ್ದಾನೆ. ಮೇಷ್ಟರ ಮೇಲಿನ ಸಿಟ್ಟು ಅವನವರೆಗೆ ಹೋಗುವುದಿಲ್ಲ.

ಇನ್ನು ಮೈಸೂರು. ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದ ಮೇಲೆ ಮಗನೂ ಮೈಸೂರಿಗೆ ಬಂದ. ಅಪ್ಪ ಹೆಡ್‌ಮಾಸ್ಟರಾಗಿರುವ ಸ್ಕೂಲಿನಲ್ಲಿ ಮಗ ಓದುವುದೆಂದರೆ ಏನೆಂದು ನನ್ನ ಸ್ವಂತ ಮಕ್ಕಳನ್ನು ಕೇಳಿ. ಅವರ ಅಮ್ಮ ಬರೀ ಟೀಚರಾಗಿದ್ದಳು, ಅಷ್ಟಕ್ಕೇ ಇವತ್ತಿಗೂ ದೂರುತ್ತಾರೆ. ಆದರೆ ಅದರಿಂದ ಒಂದು ಲಾಭವೂ ಇತ್ತು. ಸ್ಕೂಲಿನ ಲೈಬ್ರರಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳು, ಕಾದಂಬರಿಗಳು ನೇರವಾಗಿ ಮನೆಗೆ ಬರುತ್ತಿದ್ದವು. ಹುಡುಗ ಅವನ್ನೆಲ್ಲ ಓದಿದ, ಪಠ್ಯವನ್ನು ಬಿಟ್ಟ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ. ಒಂದು ವರ್ಷ ಮನೆಯಲ್ಲಿ ಕೂತು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಿ, ಮತ್ತಷ್ಟು ಓದಿದ. ಕಡೆಗೆ ಮಹಾರಾಜಾ ಕಾಲೇಜಿನಿಂದ ಬಿ.ಎ. ಮುಗಿಸಿದ್ದು 1930ರಲ್ಲಿ, ಇಪ್ಪತ್ತನಾಲ್ಕರ ಹತ್ತಿರ ಹತ್ತಿರ.

ಬಿ.ಎ. ಆದವನಿಗೆ ಕೆಲಸ ಬೇಕಲ್ಲ. ಅಪ್ಪನ ವಶೀಲಿಯಿಂದ ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಹೋದರು. ದೈಹಿಕ ಶಿಕ್ಷಣದ ಮೇಷ್ಟರು ರಜ ಹಾಕಿದ್ದಾರೆ, ನೀವು ಹೋಗಿ ಡ್ರಿಲ್ ಮಾಡಿಸಿ ಎಂದು ಹೆಡ್‌ಮಾಸ್ಟರು ಹೇಳಿದರು. ನಾರಾಯಣ್ ಕೆಲಸವನ್ನೇ ಬಿಟ್ಟು ಮನೆಗೆ ಬಂದರು. ಇದನ್ನು ಅವರ ಜೀವನಚರಿತ್ರೆ ಬರೆಯುವವರೆಲ್ಲ ಒಂದು ತಮಾಷೆಯ ಪ್ರಸಂಗವಾಗಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇದು ಸ್ವಾಮಿಯ ಚರಿತ್ರೆಯ ನಡುಮನೆ ಅನ್ನಿಸುತ್ತದೆ.

ಏಕೆಂದರೆ ಕಾದಂಬರಿಯಲ್ಲಿ ಸ್ವಾಮಿಯನ್ನು ಊರು ಬಿಡಿಸುವುದು ಡ್ರಿಲ್ ಕ್ಲಾಸೇ. ಮಿಷನ್ ಶಾಲೆ ಬಿಟ್ಟ ಮೇಲೆ ಸ್ವಾಮಿ ಸೇರಿದ ಬೋರ್ಡ್ ಹೈಸ್ಕೂಲಿನಲ್ಲಿ ಸಂಜೆಯ ಹೊತ್ತು ಡ್ರಿಲ್ ಕಡ್ಡಾಯ. ಅದಕ್ಕೆ ಹೋದರೆ ಕ್ರಿಕೆಟ್ ಪ್ರಾಕ್ಟೀಸಿಗೆ ಹೊತ್ತಿಲ್ಲ. ಸ್ವಾಮಿ ಡಾಕ್ಟರ ಬಳಿ ಹೋಗಿ ಕಾಯಿಲೆಯ ಸರ್ಟಿಫಿಕೇಟು ಕೇಳುತ್ತಾನೆ. ನಾನೇ ನಿಮ್ಮ ಹೆಡ್‌ಮಾಸ್ಟರಿಗೆ ಹೇಳುತ್ತೇನೆ ಹೋಗು ಎಂದು ಡಾಕ್ಟರು ಸಾಗಹಾಕುತ್ತಾರೆ, ಹೇಳುವುದಿಲ್ಲ. ದಿನಗಟ್ಟಲೆ ಡ್ರಿಲ್ಲಿಗೆ ಚಕ್ಕರ್ ಹಾಕಿದ ಹುಡುಗ ಸಿಕ್ಕಿಬೀಳುತ್ತಾನೆ. ಹೆಡ್‌ಮಾಸ್ಟರು ಬೆತ್ತ ಎತ್ತುತ್ತಾರೆ. ಸ್ವಾಮಿ ಆ ಬೆತ್ತವನ್ನು ಕಿತ್ತು ಕಿಟಕಿಯಿಂದಾಚೆ ಎಸೆದು ಓಡುತ್ತಾನೆ. ಮೆಂಪಿ ಕಾಡಿನ ರಸ್ತೆಯಲ್ಲಿ ದಾರಿ ತಪ್ಪಿ, ರಾತ್ರಿ ಕತ್ತಲಲ್ಲಿ ಪ್ರಜ್ಞೆ ತಪ್ಪಿ ಬಿದ್ದು, ಗಾಡಿಯವನ ಕೈಗೆ ಸಿಕ್ಕಿ, ಫಾರೆಸ್ಟ್ ಆಫೀಸರರ ಮನೆ ಸೇರುತ್ತಾನೆ. ಅಷ್ಟರಲ್ಲಿ ಮ್ಯಾಚು ಮುಗಿದಿರುತ್ತದೆ. ಇವನಿಲ್ಲದೆ ತಂಡ ಸೋತಿರುತ್ತದೆ. ಬಾಲ್ಯದ ಅತಿದೊಡ್ಡ ದುರಂತ.

ಹೆಡ್‌ಮಾಸ್ಟರ ಮಗನಾಗಿ ಬೆಂಚಿನ ಮೇಲೂ ಕೂತು, ಮೇಷ್ಟರಾಗಿ ಕುರ್ಚಿಯ ಮೇಲೂ ಕೂತು, ಎರಡೂ ತನ್ನ ಜಾಗವಲ್ಲ ಎಂದು ಎದ್ದು ಬಂದವರೊಬ್ಬರು ಮಾತ್ರ ಬರೆಯಬಹುದಾದ ದೃಶ್ಯ ಅದು. ಬೆತ್ತ ಹೊರಗೆ ಬಿದ್ದಾಗ ಓದುವ ಮಕ್ಕಳಿಗೆ ಖುಷಿಯಾಗುತ್ತದೆ, ಪಾಠ ಮಾಡುವ ನಮಗೆ ಕಸಿವಿಸಿಯಾಗುತ್ತದೆ. ಆ ಕಸಿವಿಸಿ ಆಗಲೆಂದೇ ಬರೆದಿದ್ದಾರೆ ಎಂದು ನನ್ನ ಗುಮಾನಿ.

ಹುಡುಗ ಕಾಗದಕ್ಕಿಳಿದದ್ದು ಬೆಂಗಳೂರಿನಲ್ಲಿ. 1930ರಲ್ಲಿ, ನವರಾತ್ರಿಯ ಕಾಲ. ಬರೆಯಲು ಶುರುಮಾಡುವುದಕ್ಕೆ ಒಳ್ಳೆಯ ದಿನ ನೋಡಿಕೊಟ್ಟದ್ದು ಅಮ್ಮಣಿಯೇ. ಮೊಮ್ಮಗ ಒಂದು ನೋಟ್‌ಬುಕ್ ಕೊಂಡು, ಏನು ಬರೆಯುವುದೆಂದು ಪೆನ್ನಿನ ತುದಿ ಕಚ್ಚುತ್ತ ಕೂತರು. ಮೊದಲು ಕಣ್ಣಿಗೆ ಬಂದದ್ದು ಹುಡುಗನಲ್ಲ, ಊರೂ ಅಲ್ಲ. ಒಂದು ಸಣ್ಣ ರೈಲ್ವೆ ಸ್ಟೇಷನ್ನು. ಹೆಸರು ಮಾಲ್ಗುಡಿ. ರೈಲು ಬಂದು ನಿಂತಿತು, ಪ್ಲಾಟ್‌ಫಾರ್ಮಿನ ಮೇಲೆ ಸ್ವಾಮಿನಾಥನ್ ಎಂಬ ಹುಡುಗ ಕಿಟಕಿಗಳಲ್ಲಿನ ಮುಖಗಳನ್ನು ನೋಡುತ್ತ, ಗಡ್ಡದವನೊಬ್ಬನಿಗೆ ಅಣಕಿಸುತ್ತ ಓಡಿದ. ಮಾಲ್ಗುಡಿ ಹೊಳೆದದ್ದು ಹೀಗೆ ಎಂದು ಅವರು ಹೇಳಿಕೊಂಡಿದ್ದಾರೆ. ಪುಸ್ತಕದಲ್ಲಿ ಈ ದೃಶ್ಯ ಇಲ್ಲ. ಆದರೆ ಪುಸ್ತಕ ಮುಗಿಯುವುದು ಸ್ಟೇಷನ್ನಿನಲ್ಲೇ. ಪೊಲೀಸ್ ಅಧಿಕಾರಿಯ ಮಗ ರಾಜಂ ಅಪ್ಪನ ವರ್ಗದಿಂದ ಊರು ಬಿಡುತ್ತಿದ್ದಾನೆ. ಮ್ಯಾಚಿನ ಸಿಟ್ಟು ಅವನಿಗಿನ್ನೂ ಇಳಿದಿಲ್ಲ. ಚಲಿಸುವ ರೈಲಿನ ಕಿಟಕಿಯೊಳಕ್ಕೆ ಸ್ವಾಮಿ ಗೆಳೆಯ ಮಣಿಯ ಕೈಯಿಂದ ಒಂದು ಪುಸ್ತಕ ಕೊಡಿಸುತ್ತಾನೆ. ಆಂಡರ್‌ಸನ್ನನ ಕಿನ್ನರಕಥೆಗಳು.

ವರ್ಗವಾಗಿ ಊರು ಬಿಡುವ ಸಂಸಾರ, ಹಿಂದೆ ಉಳಿಯುವ ಗೆಳೆಯರು: ಇಲಾಖೆಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂದಹಾಗೆ ರಾಜಂ ಎಂಬ ಹೆಸರಿನ ಹುಡುಗಿಯನ್ನು ನಾರಾಯಣ್ ಕೊಯಮತ್ತೂರಿನಲ್ಲಿ ಕಂಡು, ಜಾತಕ ಕೂಡದಿದ್ದರೂ ಹಟ ಹಿಡಿದು ಮದುವೆಯಾದದ್ದು ಆಮೇಲಿನ ಮಾತು. ಅವರು ಆಕೆಯನ್ನು ಮೊದಲು ನೋಡಿದ್ದು 1933ರಲ್ಲಿ. ಪುಸ್ತಕದ ರಾಜಂ ಅಷ್ಟರಲ್ಲಿ ಕಾಗದದ ಮೇಲಿದ್ದ. ಕೆಲವರು ಇದನ್ನು ಹಿಂದುಮುಂದು ಮಾಡಿ ಕಥೆ ಕಟ್ಟುತ್ತಾರೆ.

ಮಾಲ್ಗುಡಿ ಎಲ್ಲಿದೆ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಲಾರೆ. ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಕೂಡಿಸಿ ಹೆಸರಿಟ್ಟರು ಎನ್ನುವುದು ಬೆಂಗಳೂರಿನವರ ಆಸೆ. ನಾರಾಯಣ್ ಹಾಗೆಂದು ಒಪ್ಪಿಕೊಂಡವರಲ್ಲ. ಮಾಲ್ಗುಡಿಯೆಂದರೆ ಮೈಸೂರೇ ಎನ್ನುವುದು ನಮ್ಮೂರಿನವರ ಆಸೆ. ಅದಕ್ಕೂ ನನ್ನದೊಂದು ತಕರಾರಿದೆ. 1930ರ ಮೈಸೂರಿನಲ್ಲಿ ಮಹಾರಾಜರಿದ್ದರು, ಅರಮನೆಯಿತ್ತು, ದಸರಾ ಇತ್ತು. ಸ್ವಾಮಿಯ ಊರಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ಬ್ರಿಟಿಷರ ಪೊಲೀಸು, ಜಿಲ್ಲಾ ಬೋರ್ಡಿನ ಸ್ಕೂಲು, ಮಿಷನ್ನಿನ ಸ್ಕೂಲು. ಕ್ರಿಕೆಟ್ ಬ್ಯಾಟಿಗೆ ಹುಡುಗರು ಕಾಗದ ಬರೆಯುವುದೂ ಮದರಾಸಿನ ಮೌಂಟ್ ರೋಡಿನ ಅಂಗಡಿಗೆ. ಮಾಲ್ಗುಡಿಯ ಸರಯೂ ನದಿಯ ದಂಡೆಯಲ್ಲಿ ಸ್ವದೇಶಿ ಸಭೆ ನಡೆಯುತ್ತದೆ, ವಿದೇಶಿ ಬಟ್ಟೆ ಸುಡುತ್ತಾರೆ. ಸ್ವಾಮಿ ಆವೇಶದಲ್ಲಿ ತನ್ನ ಟೋಪಿಯನ್ನೂ ಬೆಂಕಿಗೆ ಎಸೆಯುತ್ತಾನೆ. ಅದು ಖಾದಿ ಭಂಡಾರದಿಂದ ತಂದದ್ದು ಎಂದು ಅಪ್ಪ ಆಮೇಲೆ ತಿಳಿಸುತ್ತಾನೆ. ಆ ಸಭೆಗೆ ನಾರಾಯಣ್ ಕೊಟ್ಟ ತಾರೀಖು 1930ರ ಆಗಸ್ಟ್ 15. ಹದಿನೇಳು ವರ್ಷ ಕಳೆದು ಆ ತಾರೀಖಿಗೆ ಏನು ಕಾದಿತ್ತೆಂದು ಬರೆಯುವಾಗ ಅವರಿಗೂ ಗೊತ್ತಿರಲಿಲ್ಲ. ಒಟ್ಟಿನಲ್ಲಿ ಊರಿನ ಆಡಳಿತ ಮದರಾಸಿನದು, ಮನೆಯೊಳಗಿನ ಗಾಳಿ ಮೈಸೂರಿನದು. ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲಿ ಅಣ್ಣತಮ್ಮಂದಿರು, ಅಮ್ಮ ಅಪ್ಪ, ಬಂದುಹೋಗುವವರು ಎಲ್ಲ ಸೇರಿ ಮಾಡುತ್ತಿದ್ದ ಗಲಾಟೆಯ ನಡುವೆ ಅವರ ಬರವಣಿಗೆ ಸಾಗಿತು.

ಆ ಗಲಾಟೆಯಲ್ಲಿ ಒಬ್ಬ ಹುಡುಗನ ಪಾಲು ಜಾಸ್ತಿ ಇದ್ದಿರಬೇಕು. ಕೊನೆಯ ತಮ್ಮ ಆರ್.ಕೆ. ಲಕ್ಷ್ಮಣ್. ಹುಟ್ಟಿದ್ದು 1921ರ ಅಕ್ಟೋಬರ್ 24, ಮೈಸೂರಿನಲ್ಲೇ. ಅಣ್ಣ ಸ್ವಾಮಿಯ ಕಥೆ ಶುರುಮಾಡಿದಾಗ ತಮ್ಮನಿಗೆ ಒಂಬತ್ತು ತುಂಬುತ್ತಿತ್ತು. ಸ್ವಾಮಿಯ ವಯಸ್ಸೇ ಹೆಚ್ಚುಕಡಿಮೆ. 'ರಫ್ ಅಂಡ್ ಟಫ್ ಅಂಡ್ ಜಾಲಿ' ಎಂಬ ಬೀದಿ ಕ್ರಿಕೆಟ್ ತಂಡಕ್ಕೆ ಲಕ್ಷ್ಮಣ್ ಕ್ಯಾಪ್ಟನ್. ತಮ್ಮನ ಚೇಷ್ಟೆಗಳನ್ನು ಅಣ್ಣ 'ದೊಡು ದಿ ಮನಿಮೇಕರ್', 'ದಿ ರೀಗಲ್ ಕ್ರಿಕೆಟ್ ಕ್ಲಬ್' ಎಂಬ ಕಥೆಗಳಿಗೆ ನೇರವಾಗಿ ಎತ್ತಿಕೊಂಡದ್ದುಂಟು. ಸ್ವಾಮಿಯೇ ಲಕ್ಷ್ಮಣ್ ಎಂದು ನಾನು ಹೇಳುವುದಿಲ್ಲ. ಆದರೆ ಮೌಂಟ್ ರೋಡಿನ ಅಂಗಡಿಯಿಂದ ಮುಂಗಡ ಹಣ ಕಳಿಸಿ ಎಂದು ಇಂಗ್ಲಿಷಿನಲ್ಲಿ ಬಂದ ಕಾಗದ ಅರ್ಥವಾಗದೆ, ಇದು ನಮಗೆ ಬಂದದ್ದಲ್ಲ ಎಂದು ತೀರ್ಮಾನಿಸಿ ಹುಡುಗರು ಅದನ್ನು ವಾಪಸು ಕಳಿಸುವುದನ್ನು ಓದುವಾಗ, ಪಕ್ಕದ ಕೋಣೆಯಲ್ಲಿ ಇಂಥ ಸಭೆ ನಡೆಯುತ್ತಿದ್ದರೆ ಮಾತ್ರ ಕೇಳಿ ಬರೆಯಲು ಸಾಧ್ಯ ಅನ್ನಿಸುತ್ತದೆ.

ಕ್ರಿಕೆಟ್ ಸ್ವಾಮಿಗೆ ಒಂದು ಬಿರುದನ್ನೂ ಕೊಟ್ಟಿತು: ಟೇಟ್. ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್ 1926-27ರಲ್ಲಿ ಆರ್ಥರ್ ಗಿಲಿಗನ್ನನ ಎಂ.ಸಿ.ಸಿ. ತಂಡದೊಂದಿಗೆ ಭಾರತಕ್ಕೆ ಬಂದು, ಒಂದೇ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು, ಸಾವಿರಕ್ಕೂ ಹೆಚ್ಚು ರನ್ನು ಮಾಡಿ ಹೋಗಿದ್ದ. ಊರೂರಿನ ಹುಡುಗರ ಬಾಯಲ್ಲಿ ಅವನ ಹೆಸರೇ. ಸ್ವಾಮಿ ಒಂದೆರಡು ಒಳ್ಳೆಯ ಬಾಲು ಹಾಕಿದ ಮೇಲೆ ಗೆಳೆಯರು ಅವನನ್ನೂ ಟೇಟ್ ಅನ್ನುತ್ತಾರೆ. ತಂಡದ ಹೆಸರೂ ಎಂ.ಸಿ.ಸಿ., ಆದರೆ ಮಾಲ್ಗುಡಿಯದು. ನಾರಾಯಣ್ ಕಾದಂಬರಿಗೆ ಇಟ್ಟಿದ್ದ ಹೆಸರು 'ಸ್ವಾಮಿ, ದಿ ಟೇಟ್'.

ಮುಂದಿನದು ಎಲ್ಲರೂ ಬಲ್ಲ ಕಥೆ, ಬೇಗ ಮುಗಿಸುತ್ತೇನೆ. ಹಸ್ತಪ್ರತಿ ಲಂಡನ್ನಿನ ಪ್ರಕಾಶಕರ ಬಾಗಿಲುಗಳಿಂದ ಒಂದಾದ ಮೇಲೊಂದು ವಾಪಸಾಯಿತು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಇನ್ನು ಸಾಕು, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಪೂರ್ಣ ಅದನ್ನು ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಆಗ ಮೂವತ್ತರ ಆಸುಪಾಸಿನ ಕಾದಂಬರಿಕಾರ. ಅವರ ಶಿಫಾರಸಿನಿಂದ ಹ್ಯಾಮಿಶ್ ಹ್ಯಾಮಿಲ್ಟನ್ 1935ರಲ್ಲಿ ಪುಸ್ತಕ ತಂದರು. ಗ್ರೀನ್ ಸಲಹೆಯಂತೆ ಶೀರ್ಷಿಕೆ 'ಸ್ವಾಮಿ ಅಂಡ್ ಫ್ರೆಂಡ್ಸ್' ಆಯಿತು; ಕಿಪ್ಲಿಂಗನ ಶಾಲಾಹುಡುಗರ ಪುಸ್ತಕ 'ಸ್ಟಾಕಿ ಅಂಡ್ ಕಂಪೆನಿ'ಯ ನೆನಪು ಬರಲಿ ಎಂದು. ಲೇಖಕನ ಹೆಸರೂ ಇಂಗ್ಲಿಷರ ನಾಲಗೆಗೆ ಒಗ್ಗುವಂತೆ ನಾರಾಯಣಸ್ವಾಮಿಯಿಂದ ನಾರಾಯಣ್ ಆಯಿತು. ಪುಸ್ತಕ ಹೊಗಳಿಸಿಕೊಂಡಿತು, ಮಾರಾಟವಾಗಲಿಲ್ಲ. ಎರಡನೆಯ ಕಾದಂಬರಿಯನ್ನು ಅದೇ ಪ್ರಕಾಶಕರು ಬೇಡವೆಂದರು.

ಮೈಸೂರಿನ ಅದೇ ಮಹಾರಾಜಾ ಕಾಲೇಜಿನಲ್ಲಿ ಅದೇ ಕಾಲದಲ್ಲಿ ಓದಿದ ಕುವೆಂಪು, ಬ್ರೌನಿಂಗನ ಇಂಗ್ಲಿಷ್ ಕಥನವನ್ನು ತುಂಗೆಯ ದಂಡೆಗೆ ತಂದು ಕನ್ನಡದ ಮಕ್ಕಳಿಗೆ ಕಿಂದರಿಜೋಗಿಯನ್ನು ಕೊಟ್ಟಿದ್ದರು. ನಮ್ಮ ಮನೆಗಳಲ್ಲಿ ಆ ಜೋಗಿ ಬಾಯಿಪಾಠವಾಗಿದ್ದಾಗ, ಲಕ್ಷ್ಮೀಪುರದ ಸ್ವಾಮಿಯ ಹೆಸರು ಕೇಳಿದವರು ಬೆರಳೆಣಿಕೆ. ಇಂಗ್ಲಿಷಿನಲ್ಲಿ ಬರೆದದ್ದು, ಇಂಗ್ಲೆಂಡಿನಲ್ಲಿ ಅಚ್ಚಾದದ್ದು, ಬಡ ಮೇಷ್ಟರ ಜೇಬಿಗೆ ಎಟುಕುವಂಥದ್ದಲ್ಲ. ಸ್ವಾಮಿ ತನ್ನೂರಿಗೆ ಬರಲು ಐವತ್ತು ವರ್ಷ ಹಿಡಿಯಿತು.

ಆ ಐವತ್ತು ವರ್ಷದ ನಡುವೆ ಯಾದವಗಿರಿಯ ಮನೆ ಬರುತ್ತದೆ. ಊರಿನ ಉತ್ತರಕ್ಕೆ ಆಗ ಇದು ಬರೀ ದಿಣ್ಣೆ. ಮನೆ ಕಟ್ಟಲು ಕೊಂಡ ಜಾಗದಲ್ಲಿ ಒಂದು ಹಳೆಯ ದೇವಕಣಗಿಲೆ ಮರವಿತ್ತು. ಅದನ್ನು ಕಡಿಯಬಾರದೆಂದು ನಾರಾಯಣ್ ಮನೆಯ ನಕ್ಷೆಯನ್ನೇ ಸರಿಸಿದರು. ಮಹಡಿಯ ಮೇಲೆ, ಬರೆಯಲೆಂದು, ಎಂಟು ಕಿಟಕಿಗಳ ಒಂದು ಕೋಣೆ. ದಕ್ಷಿಣಕ್ಕೆ ಚಾಮುಂಡಿ ಬೆಟ್ಟ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಮೇಯುವ ದನ ಕುರಿ, ದೂರದಲ್ಲಿ ಹಾದುಹೋಗುವ ರೈಲು. ಎಲ್ಲ ಸಿದ್ಧವಾದ ಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ. ನೋಡುವುದರಲ್ಲೇ ಹೊತ್ತು ಹೋಯಿತು. ಕಡೆಗೆ ದೊಡ್ಡದೊಂದು ಬೂದು ಬಣ್ಣದ ಪರದೆ ಹಾಕಿಸಿ, ಅದಕ್ಕೆ ಮುಖ ಮಾಡಿ ಕೂತರು.

ಒಮ್ಮೆ ನನ್ನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕೆಳಗಿನ ಕೋಣೆಗಳನ್ನೆಲ್ಲ ನೋಡಿ ಬಂದು ಹುಡುಗಿಯೊಬ್ಬಳು ಕೇಳಿದಳು:

"ಮಿಸ್, ಸ್ವಾಮಿ ಅಜ್ಜಿ ಯಾವ ರೂಮಲ್ಲಿ ಮಲಗ್ತಿದ್ರು?"

"ಅಜ್ಜಿ ಇದ್ದದ್ದು ಮದರಾಸಲ್ಲಿ ಕಣಮ್ಮ, ಈ ಮನೆಯಲ್ಲಲ್ಲ."

"ಅಪ್ಪನ ಆಫೀಸ್ ರೂಮು?"

"ಅದೂ ಇಲ್ಲ."

"ಮತ್ತೆ ಇಲ್ಲೇನಿದೆ ಮಿಸ್?"

ಮಹಡಿಗೆ ಕರೆದುಕೊಂಡು ಹೋಗಿ ಆ ಕಿಟಕಿಗಳನ್ನು ತೋರಿಸಿದೆ, ಪರದೆಯ ಕಥೆ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ಬಗ್ಗಿ ನೋಡಿ, "ಈಗಾಗಿದ್ರೆ ಪರದೆ ಬೇಕಾಗ್ತಿರಲಿಲ್ಲ, ಬರೀ ಬಿಲ್ಡಿಂಗು" ಅಂದಳು. ಇಡೀ ಭೇಟಿಯಲ್ಲಿ ಇತಿಹಾಸ ಹೇಳಿದ್ದು ಅವಳೇ.

ಸ್ವಾಮಿಗೆ ಕನ್ನಡದ ಮುಖ ಬಂದದ್ದು 1986ರಲ್ಲಿ. ನಿರ್ಮಾಪಕ ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್‌ನಾಗ್. 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರತೊಡಗಿತು. ಆಡಿದ್ದು ಹಿಂದಿಯಲ್ಲಿ, ಆದರೆ ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಸಂಗೀತ ಎಲ್. ವೈದ್ಯನಾಥನ್. ಶೀರ್ಷಿಕೆಯ ರೇಖಾಚಿತ್ರಗಳು ಲಕ್ಷ್ಮಣ್ ಅವರವು. ಹುಡುಗ ಟೇಟ್ ಆಗಿದ್ದ ದಿನಗಳ ಹಂಚಿನ ಮನೆ, ಜುಟ್ಟು, ಛತ್ರಿಗಳ ಊರು ಮೂಡಿದ್ದು ತಮ್ಮನ ಕೈಯಲ್ಲೇ. ಮಾಲ್ಗುಡಿಯನ್ನು ಹುಡುಕಿ ಹೋದ ಶಂಕರ್‌ನಾಗ್ ಮೈಸೂರನ್ನೂ ಬೆಂಗಳೂರನ್ನೂ ಬಿಟ್ಟು ಆಗುಂಬೆಯಲ್ಲಿ ಬೀಡುಬಿಟ್ಟರು. ಕಾರಣ ಸುಲಭ: 1930ರ ಪೇಟೆಬೀದಿ ಕಂಬ ತಂತಿಗಳಿಲ್ಲದೆ ಉಳಿದಿದ್ದ ಊರು ಬೇಕಿತ್ತು. ಅಲ್ಲಿಯ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ರೈಲು ನಿಲ್ಲಲು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಸಿಕ್ಕಿತು. ಆ ಹಳೆಯ ಸ್ಟೇಷನ್ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಮೈಸೂರಿನಿಂದ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂಬ ರೈಲು ಓಡುತ್ತದೆ. ಹೀಗೆ ಇಲ್ಲದ ಊರಿಗೆ ಸ್ಟೇಷನ್ನೂ ಬಂತು, ರೈಲೂ ಬಂತು.

ಇರುವ ಮನೆ ಮಾತ್ರ ಹೋಗುವುದರಲ್ಲಿತ್ತು. ನಾರಾಯಣ್ 1990ರ ದಶಕದ ಆರಂಭದಲ್ಲಿ ಚೆನ್ನೈ ಸೇರಿ, 2001ರ ಮೇ 13ರಂದು ಅಲ್ಲೇ ತೀರಿಕೊಂಡರು. 2011ರಲ್ಲಿ ಯಾದವಗಿರಿಯ ಮನೆ ಕೆಡವುವ ಕೆಲಸ ಶುರುವಾಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂದು, ಊರಿನವರು ಗಲಾಟೆ ಮಾಡಿದ ಮೇಲೆ ನಿಂತಿತು. ಸರ್ಕಾರ ಕೊಂಡು, ರಿಪೇರಿ ಮಾಡಿಸಿ, 2016ರ ಜುಲೈಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅವರ ಕೋಟು, ಕನ್ನಡಕ, ಪುಸ್ತಕಗಳು ಅಲ್ಲಿವೆ.

ಸ್ವಾಮಿಯ ಮೂಲ ಹುಡುಕುವವರು ಸಾಮಾನ್ಯವಾಗಿ ನೋಡದ ಜಾಗವೊಂದಿದೆ: ರಾಜ್ಯಸಭೆಯ ಕಡತ. ನಾರಾಯಣ್ 1986ರಿಂದ 1992ರವರೆಗೆ ನಾಮಕರಣಗೊಂಡ ಸದಸ್ಯರು. ಮೊದಲ ಭಾಷಣ ಮಾಡಿದ್ದು 1989ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ. ವಿಷಯ ಸಾಹಿತ್ಯವಲ್ಲ, ಸ್ಕೂಲ್ ಬ್ಯಾಗು. ಮಕ್ಕಳನ್ನು ಬೆಳಗಿನ ನಿದ್ದೆಯಿಂದ ಎಬ್ಬಿಸಿ, ಅವಸರದಲ್ಲಿ ಸಿದ್ಧಮಾಡಿ, ಬೆನ್ನಿಗೆ ಮೂಟೆ ಹೊರಿಸಿ ಕಳಿಸುತ್ತೇವೆ. ಆ ಭಾರಕ್ಕೆ ಬಾಗಿ, ಕೈ ಜೋಲಾಡಿಸಿಕೊಂಡು ಅವು ಚಿಂಪಾಂಜಿಗಳ ಹಾಗೆ ನಡೆಯುತ್ತಿವೆ. ಬ್ಯಾಗನ್ನೇ ತೆಗೆದುಹಾಕಿ ಎಂದರು. ಆ ಮಾತು ಉಳಿಯಿತು. 1992ರಲ್ಲಿ ಪ್ರೊ. ಯಶಪಾಲ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. 1993ರಲ್ಲಿ ಬಂದ ಅದರ ವರದಿ ಹೊರೆಯಿಲ್ಲದ ಕಲಿಕೆಯನ್ನು ಕೇಳಿತು. ಚನ್ನಪಟ್ಟಣದಲ್ಲಿ ಡ್ರಿಲ್ ಮಾಡಿಸಲೊಲ್ಲದೆ ಎದ್ದು ಬಂದ ಮೇಷ್ಟರು ಆರು ದಶಕದ ಮೇಲೆ ಅದೇ ತಕರಾರನ್ನು ದಿಲ್ಲಿಯಲ್ಲಿ ಎತ್ತಿದ್ದರು.

'ಎ ಹೀರೋ' ಮುಗಿಸಿದ ದಿನ ಮಕ್ಕಳಿಗೆ ಆ ಭಾಷಣದ ಕಥೆಯನ್ನೂ ಹೇಳುವುದು ನನ್ನ ರೂಢಿಯಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಬ್ಯಾಗಿನ ಮೇಲೆ ಗಲ್ಲ ಊರಿಕೊಂಡು ಕೇಳಿಸಿಕೊಳ್ಳುತ್ತಿದ್ದವನು ಕೈ ಎತ್ತಿದ. "ಹಂಗಾದ್ರೆ ಸ್ವಾಮಿ ದೊಡ್ಡೋನಾಗಿ ಎಂಪಿ ಆದ್ನಾ ಮಿಸ್?"

ಹೌದು ಅಂದೆ. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡ ಅಂತಲೂ ಹೇಳಿದೆ.